ಹಸಿರು ಟ್ಯಾಗಿನಲ್ಲಿ ಹೊಲಿದವರ ಸಂಬಳದ ಮಾತೇ ಇಲ್ಲ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ಪುರವಣಿಯಲ್ಲಿ ಪರಿಸರಸ್ನೇಹಿ ಬಟ್ಟೆಗಳ ಬಗ್ಗೆ ಬಂದ ಲೇಖನ ಓದಿದೆ. ಸಾವಯವ ಹತ್ತಿ, ಕಡಿಮೆ ನೀರಿನ ಬಣ್ಣ, ಹಳೇ ಪ್ಲಾಸ್ಟಿಕ್ ಬಾಟಲಿಯಿಂದ ಮಾಡಿದ ಟೀ ಶರ್ಟು, ಎಲ್ಲ ಇತ್ತು. (ಬಾಟಲಿಯನ್ನು ಮತ್ತೆ ಬಾಟಲಿಯನ್ನೇ ಮಾಡಬಹುದಿತ್ತು. ಒಮ್ಮೆ ಟೀ ಶರ್ಟ್ ಆದರೆ ಹೆಚ್ಚಿನಂಶ ಅದರ ಕಥೆ ಅಲ್ಲಿಗೆ ಮುಗಿಯಿತು. ಇರಲಿ ಬಿಡಿ.) ಆ ಬಟ್ಟೆ ಹೊಲಿದವರ ಕೈಗೆ ತಿಂಗಳಿಗೆ ಎಷ್ಟು ಬರುತ್ತೆ ಅನ್ನೋದು ಮಾತ್ರ ಎಲ್ಲೂ ಇರಲಿಲ್ಲ. ನಾನು ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಚೆಕಿಂಗ್ ಕೆಲಸ ಮಾಡಿದವಳು, ಹಾಗಾಗಿ ನನ್ನ ಕಣ್ಣು ಮೊದಲು ಅದನ್ನೇ ಹುಡುಕುತ್ತೆ.

ಆಡಿಟ್ ಆಗಿದೆ, ಸರ್ಟಿಫಿಕೇಟ್ ಇದೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಬಯರ್, ಅಂದರೆ ಮಾಲು ಕೊಳ್ಳುವ ಬ್ರ್ಯಾಂಡ್, ಅವರ ಕಡೆಯವರು ತಪಾಸಣೆಗೆ ಬರುತ್ತಾರೆ ಅನ್ನೋದು ನಮಗೆ ಮೊದಲೇ ಗೊತ್ತಾಗುತ್ತಿತ್ತು. ಟಾಯ್ಲೆಟ್ಟಿಗೆ ಹೊಸ ಸೋಪು, ಮಷಿನ್‌ಗಳಿಗೆ ನೀಡಲ್ ಗಾರ್ಡ್, ಎಲ್ಲರ ಮೂಗಿಗೂ ಮಾಸ್ಕ್. ಕೇಳಿದರೆ ಏನು ಹೇಳಬೇಕು ಅಂತ ಸೂಪರ್‌ವೈಸರ್ ಪಾಠ ಮಾಡಿರುತ್ತಿದ್ದರು. ಮಿಕ್ಕ ದಿನ ಲೈನಿನ ಮುಂದೆ ಬೋರ್ಡು, ಗಂಟೆ ಗಂಟೆಗೂ ಟಾರ್ಗೆಟ್ ಎಷ್ಟು, ಆಗಿದ್ದೆಷ್ಟು ಅಂತ. ಪೀಸ್ ಕಡಿಮೆ ಬಂದ ಗಂಟೆಗೆ ಕೆಂಪು ಮಾರ್ಕರ್, ಆಮೇಲೆ ಬೈಗುಳ. ಪದೇ ಪದೇ ಎದ್ದು ಹೋಗಬೇಕಾಗುತ್ತೆ ಅಂತ ನೀರೇ ಕುಡಿಯದೆ ಕೂರುವ ಟೈಲರ್‌ಗಳು ಎಷ್ಟೋ ಜನ. ಆಡಿಟ್‌ನವರು ಸೋಪು ನೋಡುತ್ತಾರೆ, ಟಾಯ್ಲೆಟ್ಟಿಗೆ ಹೋಗೋಕೆ ಬಿಡ್ತಾರಾ ಅಂತ ಯಾರು ನೋಡೋದು?

ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. ಕರಾಚಿಯ ಅಲಿ ಎಂಟರ್‌ಪ್ರೈಸಸ್ ಗಾರ್ಮೆಂಟ್ಸ್ ಕಾರ್ಖಾನೆಗೆ 2012ರ ಆಗಸ್ಟ್‌ನಲ್ಲಿ ಒಳ್ಳೇ ಸರ್ಟಿಫಿಕೇಟ್ ಸಿಕ್ಕಿತ್ತು. ಸೆಪ್ಟೆಂಬರ್‌ನಲ್ಲಿ ಅಲ್ಲೇ ಬೆಂಕಿ ಬಿದ್ದು 250ಕ್ಕೂ ಹೆಚ್ಚು ಜನ ಸತ್ತರು.

ಸಂಬಳದ ವಿಷಯಕ್ಕೆ ಬರುತ್ತೇನೆ. 2020ರ ಏಪ್ರಿಲ್‌ನಿಂದ ಕನಿಷ್ಠ ವೇತನದ ಜೊತೆ ಸಿಗಬೇಕಿದ್ದ ತುಟ್ಟಿಭತ್ಯೆಯನ್ನು ರಾಜ್ಯ ಸರ್ಕಾರ ಕೋವಿಡ್ ಕಾರಣ ಹೇಳಿ ಮುಂದೂಡಿತು. ತಿಂಗಳಿಗೆ ಸುಮಾರು 417 ರೂಪಾಯಿ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೈಕೋರ್ಟ್ ಆ ಆದೇಶಕ್ಕೆ ತಡೆ ಕೊಟ್ಟ ಮೇಲೂ ಬಹಳಷ್ಟು ಗಾರ್ಮೆಂಟ್ಸ್‌ನವರು ಕೊಡಲಿಲ್ಲ. 4 ಲಕ್ಷಕ್ಕೂ ಹೆಚ್ಚು ಜನರ ದುಡ್ಡು ಅದು. ಯೂನಿಯನ್‌ಗಳು ಬಿಡದೆ ಹಿಂದೆ ಬಿದ್ದು, ವಿದೇಶದ ಪತ್ರಿಕೆಗಳಲ್ಲೂ ಸುದ್ದಿಯಾದ ಮೇಲೆ, 2021ರ ಕೊನೆಗೆ ಬಾಕಿ ಕೊಡುವ ಮಾತು ಶುರುವಾಯಿತು. ಕಾನೂನಿನ ಪ್ರಕಾರ ಸಂಬಳ ಕೊಡಬೇಕು ಅಂತ ದೊಡ್ಡ ಬ್ರ್ಯಾಂಡ್‌ಗಳ ನಿಯಮದಲ್ಲೇ ಬರೆದಿರುತ್ತೆ. ಅಷ್ಟು ತಿಂಗಳು ಇಲ್ಲಿಂದ ಬಾಕ್ಸ್‌ಗಟ್ಟಲೆ ಮಾಲು ತರಿಸಿಕೊಂಡವರಿಗೆ ಇದು ಕಾಣಲಿಲ್ವಾ?

ಕಾರ್ಖಾನೆಯವರನ್ನು ಮಾತ್ರ ಬೈದು ಕೂತರೆ ಪ್ರಯೋಜನ ಇಲ್ಲ. ಬಯರ್ ಒಂದು ಪೀಸಿಗೆ ಎರಡು ರೂಪಾಯಿ ಇಳಿಸಿ ಅಂತ ಕೂರುತ್ತಾನೆ, ಆಗಲ್ಲ ಅಂದರೆ ಆರ್ಡರ್ ಬಾಂಗ್ಲಾದೇಶಕ್ಕೆ ಹೋಗುತ್ತೆ. ಇಳಿದ ಆ ಎರಡು ರೂಪಾಯಿ ಮರುದಿನ ಬೋರ್ಡಿನ ಮೇಲೆ ಜಾಸ್ತಿ ಟಾರ್ಗೆಟ್ ಆಗಿ ಬರುತ್ತೆ.

ಬ್ರ್ಯಾಂಡನ್ನೂ ಕಟ್ಟಿಹಾಕಿದರೆ ಕೆಲಸ ಆಗುತ್ತೆ ಅನ್ನೋದಕ್ಕೆ ಪಕ್ಕದ ತಮಿಳುನಾಡಿನ ದಿಂಡಿಗಲ್ ಇದೆ. ಅಲ್ಲಿನ ಒಂದು ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್ ಒಬ್ಬನಿಂದ ಕೆಲಸದ ಯುವತಿಯ ಕೊಲೆಯಾದ ಮೇಲೆ, 2022ರಲ್ಲಿ ದಲಿತ ಮಹಿಳೆಯರೇ ಮುನ್ನಡೆಸುವ ಯೂನಿಯನ್, ಕಾರ್ಖಾನೆಯ ಜೊತೆಗೆ ಬಟ್ಟೆ ಬ್ರ್ಯಾಂಡ್ ಎಚ್ ಅಂಡ್ ಎಂ ಕಂಪನಿಯ ಸಹಿಯನ್ನೂ ಕಿರುಕುಳ ತಡೆಯುವ ಒಪ್ಪಂದಕ್ಕೆ ಹಾಕಿಸಿಕೊಂಡಿತು. ಕಿರುಕುಳ ನಡೆಯುತ್ತಿದೆಯಾ ಅಂತ ನೋಡೋಕೆ ಕೆಲಸದ ಹೆಂಗಸರಿಗೇ ತರಬೇತಿ ಕೊಟ್ಟರು. ಹೊರಗಿನಿಂದ ಬಂದ ಆಡಿಟರ್‌ಗಿಂತ ಪಕ್ಕದ ಮಷಿನ್‌ನವಳಿಗೆ ಜಾಸ್ತಿ ಗೊತ್ತಿರುತ್ತೆ, ಅಲ್ವಾ?

ಮುಂದಿನ ಸಲ ಇಂಥ ಲೇಖನ ಬರೆಸುವಾಗ ನಿಮ್ಮ ವರದಿಗಾರರಿಗೆ ಹೇಳಿ, ಈ ಬಟ್ಟೆ ಯಾವ ಕಾರ್ಖಾನೆಯಲ್ಲಿ ಹೊಲಿದದ್ದು, ಅಲ್ಲಿ ಹೆಲ್ಪರ್ ಕೈಗೆ ಎಷ್ಟು ಸಂಬಳ ಬರುತ್ತೆ ಅಂತ ಕಂಪನಿಯವರನ್ನು ಕೇಳಲಿ. ಉತ್ತರ ಕೊಡದಿದ್ದರೆ ಕೊಡಲಿಲ್ಲ ಅಂತಲೇ ಕಂಪನಿ ಹೆಸರಿನ ಜೊತೆ ಹಾಕಿ.

ಇಂತಿ,
ಹಿಂದೆ ಗಾರ್ಮೆಂಟ್ಸ್‌ನಲ್ಲಿದ್ದ ಒಬ್ಬ ಓದುಗಳು, ಬೆಂಗಳೂರು