ಯುದ್ಧಕ್ಕೂ ಟೈಮ್‌ಟೇಬಲ್ ಬೇಕು

ರಾಜ್ಯೋತ್ಸವದ ಫೋಟೋಗಳು ಒಳಪುಟದಲ್ಲಿವೆ, ನೋಡಿ ಖುಷಿಪಡಿ. ಇಲ್ಲಿ ಬೇರೆಯದೇ ವಿಷಯ. ನಮ್ಮ ಕನ್ನಡ ಸಂಘ ಬಾಡಿಗೆಗೆ ಹಿಡಿಯುವ ಹಾಲ್‌ನಲ್ಲೇ ಊರಿನ ವಾರ್‌ಗೇಮ್ ಕ್ಲಬ್‌ನವರೂ ಸೇರುತ್ತಾರೆ, ಗೊತ್ತಲ್ವಾ? ಪುಟ್ಟ ಸೈನಿಕರಿಗೆ ಬಣ್ಣ ಹಚ್ಚಿ, ಟೇಬಲ್ ಮೇಲೆ ಹಳೇ ಯುದ್ಧಗಳನ್ನು ಆಡುವವರು. ಇಂಗ್ಲೆಂಡಿನಲ್ಲಿ ಇದು ಬಹಳ ಹಿಂದಿನಿಂದ ಬಂದ ಹವ್ಯಾಸ. ಮುಂದಿನ ತಿಂಗಳು ಅವರ ಜೊತೆ ಒಂದು ದಿನದ ಟೂರ್ನಮೆಂಟ್ ನಡೆಸೋಣ ಎಂದು ನಮ್ಮ ಸಮಿತಿ ಒಪ್ಪಿದೆ.

ಆಡುವುದು ಡಿಬಿಎ ನಿಯಮದಲ್ಲಿ, ಅಂದರೆ ‘ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್’ ಎಂಬ, ಪ್ರಾಚೀನ ಮತ್ತು ಮಧ್ಯಯುಗದ ಯುದ್ಧಗಳ ನಿಯಮಪುಸ್ತಕದ ಪ್ರಕಾರ. 1990ರಲ್ಲಿ ಇಲ್ಲೇ ಇಂಗ್ಲೆಂಡಿನಲ್ಲಿ ಹುಟ್ಟಿದ್ದು. ಒಂದು ಸೇನೆಗೆ 12 ತುಕಡಿ, ಅಷ್ಟೇ. 15 ಮಿಲಿಮೀಟರ್ ಅಳತೆಯ ಸೈನಿಕರನ್ನು 40 ಮಿಲಿಮೀಟರ್ ಅಗಲದ ಬೇಸ್‌ಗೆ ಅಂಟಿಸಿರುತ್ತಾರೆ. ಇಡೀ ಸೇನೆ ಒಂದು ಟಿಫನ್ ಡಬ್ಬಿಯಲ್ಲಿ ಹಿಡಿಯುತ್ತದೆ. ಪ್ರತಿ ಸರದಿಯಲ್ಲೂ ಮೊದಲು ಡೈಸ್ ಹಾಕಬೇಕು, ಎಷ್ಟು ಬಿತ್ತೋ ಅಷ್ಟೇ ಆಜ್ಞೆ. ಒಂದು ಬಿದ್ದರೆ ಎಂಥ ಸೇನಾಪತಿಯಾದರೂ ಒಂದೇ ಆಜ್ಞೆ ಕೊಟ್ಟು ಸುಮ್ನೆ ಕೈಕಟ್ಟಿ ನೋಡಬೇಕು. ನಾಲ್ಕು ತುಕಡಿ ಹೋಗಿ, ಆ ನಷ್ಟ ಎದುರಾಳಿಯದಕ್ಕಿಂತ ಹೆಚ್ಚಿದ್ದರೆ ಸೋತಂತೆ. ಒಂದು ಗಂಟೆಯೊಳಗೆ ಆಟ ಮುಗಿಯುತ್ತದೆ.

ಮುಗಿಯಬೇಕು, ಅನ್ನಿ. ನಡೆಸುವವರ ತಲೆನೋವೆಲ್ಲ ಇಲ್ಲೇ ಇರುವುದು. ಗೆಲ್ಲುತ್ತಿರುವವನು ಬೇಗ ಬೇಗ ಆಡುತ್ತಾನೆ, ಸೋಲುವವನಿಗೆ ಇದ್ದಕ್ಕಿದ್ದಂತೆ ಪ್ರತಿ ನಡೆಗೂ ಧ್ಯಾನ ಹತ್ತುತ್ತದೆ. ಡ್ರಾಗೆ ಜಾಸ್ತಿ ಪಾಯಿಂಟ್ ಕೊಟ್ಟರಂತೂ ಗುಡ್ಡ ಹತ್ತಿ ಕೂತು ಕೆಳಗೇ ಇಳಿಯದವರು ಇರುತ್ತಾರೆ. ಅದಕ್ಕೇ ಗೆಲುವಿಗೆ 3, ಡ್ರಾಗೆ 1 ಎಂದು ಇಟ್ಟಿದ್ದೇವೆ. ಗಂಟೆ ಬಾರಿಸಿದ ಮೇಲೆ ಇಬ್ಬರಿಗೂ ಸಮನಾಗಿ ಸರದಿ ಆದರೆ ಅಲ್ಲಿಗೆ ಮುಗಿಯಿತು, ವಾದ ಇಲ್ಲ. ವಾಲಿ ನಿಂತ ಡೈಸ್ ಮತ್ತೆ ಹಾಕಬೇಕು. ಅಳತೆ ಸ್ಕೇಲಿನಲ್ಲಿ, ಬೆರಳಿನಲ್ಲಲ್ಲ.

ಸೋತವರು ಹೊರಗೆ ಎಂಬ ಪದ್ಧತಿ ನನಗೆ ಸುತರಾಂ ಒಪ್ಪಿಗೆಯಿಲ್ಲ. ದೂರದಿಂದ ಕಾರು ಓಡಿಸಿಕೊಂಡು ಬಂದವರನ್ನು ಹತ್ತೂವರೆಗೇ ಮನೆಗೆ ಕಳಿಸುವುದು ಯಾವ ನ್ಯಾಯ? ಚೆಸ್ ಆಡುವವರಿಗೆ ಗೊತ್ತಿರುವ ಸ್ವಿಸ್ ಪದ್ಧತಿಯೇ ಇಲ್ಲೂ. 16 ಜನ, 8 ಬೋರ್ಡ್, 4 ರೌಂಡ್. ಗೆದ್ದವರು ಗೆದ್ದವರ ಎದುರು, ಸೋತವರು ಸೋತವರ ಎದುರು. ಬೆಸ ಸಂಖ್ಯೆ ಬಂದರೆ ಒಬ್ಬರು ಖಾಲಿ ಕೂರಬಾರದೆಂದು ಒಂದು ಸೇನೆ, ಒಬ್ಬ ಬದಲಿ ಆಟಗಾರ ಸಿದ್ಧ ಇರಬೇಕು.

ಸೇನೆ ಇಲ್ಲದವರಿಗೆ ಕ್ಲಬ್‌ನವರು ಜೋಡಿ ಸೇನೆ ಕೊಡುತ್ತಾರೆ, ಅಂದರೆ ಚರಿತ್ರೆಯಲ್ಲಿ ನಿಜವಾಗಿ ಎದುರಾದ ಎರಡು ಸೇನೆಗಳು. ನಮ್ಮ ಕೋರಿಕೆಯ ಮೇಲೆ ಇಮ್ಮಡಿ ಪುಲಕೇಶಿ ಮತ್ತು ಹರ್ಷವರ್ಧನರ ಜೋಡಿ ತಯಾರಾಗುತ್ತಿದೆ. ಯಾವ ಪಕ್ಷ ಬೇಕೆಂದು ಜೋಡಿ ಪಡೆದವರ ಎದುರಾಳಿ ಮೊದಲು ಆರಿಸಬೇಕು. ಆದ್ದರಿಂದ ನಮ್ಮವರೆಲ್ಲ ಪುಲಕೇಶಿಯೇ ಬೇಕೆಂದು ಹಟ ಹಿಡಿಯುವಂತಿಲ್ಲ! ಹರ್ಷನ ಆನೆಗಳು ಬಿದ್ದ ಸುದ್ದಿಯನ್ನು ಪುಲಕೇಶಿಯ ಕವಿ ರವಿಕೀರ್ತಿ 634ರ ಐಹೊಳೆ ಶಾಸನದಲ್ಲಿ ಬರೆಸಿದ್ದಾನೆ. ಆಟದಲ್ಲೂ ಆನೆ ಕುದುರೆಗಳನ್ನು ಹೆದರಿಸುತ್ತದೆ, ಈಟಿ ಎಸೆಯುವ ಹಗುರ ಕಾಲಾಳುಗಳ ಮುಂದೆ ಸೋತರೆ ಮಾತ್ರ ಅಲ್ಲೇ ಸತ್ತಂತೆ. ಪುಲಕೇಶಿಯ ಬಳಿಯೂ ಆನೆಗಳಿವೆ, ಮರೆಯಬೇಡಿ.

ಟಿಪ್ಪು ಯಾಕಿಲ್ಲ ಎಂದು ಆಗಲೇ ಫೋನ್ ಬಂದಿವೆ. ಡಿಬಿಎ ಸುಮಾರು 1500ಕ್ಕೆ ನಿಲ್ಲುತ್ತದೆ, ಹಾಗಾಗಿ 1565ರ ರಕ್ಕಸ ತಂಗಡಿಯೂ ಇಲ್ಲ, 1780ರ ಪೊಲ್ಲಿಲೂರೂ ಇಲ್ಲ. ಮೈಸೂರಿನ ರಾಕೆಟ್‌ಗಳಿಗೆ ಬೇರೆಯೇ ನಿಯಮ ಬೇಕು. ಅದು ಮುಂದಿನ ವರ್ಷದ ಜಗಳ.

ಈಗ ಬೇಕಾಗಿರುವುದು ಜನ. ಟೇಬಲ್ ಹಾಕುವವರು, ಪ್ರತಿ ರೌಂಡ್ ಆದಮೇಲೆ ಅಂಕ ಬರೆದು ಹೊಸ ಜೋಡಿ ಕೂಗುವವರು, ಗಡಿಯಾರ ನೋಡಿಕೊಳ್ಳುವ ಒಬ್ಬ ಗಟ್ಟಿ ದನಿಯವರು. ಊಟ ಬೇರೆ ಕೋಣೆಯಲ್ಲಿ. ಚಿತ್ರಾನ್ನ ತಿಂದ ಕೈಯನ್ನು ಸೋಪು ಹಾಕಿ ತೊಳೆದು ಬನ್ನಿ, ಯಾಕೆಂದರೆ ಆ ಬಣ್ಣಕ್ಕೆ ಅವರು ವಾರಗಟ್ಟಲೆ ಕೂತಿರುತ್ತಾರೆ. ಮಕ್ಕಳಿಗೂ ಹೇಳಿ, ಸೈನಿಕನನ್ನು ಬೇಸ್ ಹಿಡಿದೇ ಎತ್ತಬೇಕು, ಈಟಿ ಹಿಡಿದರೆ ಮುರಿಯುತ್ತದೆ. ಹೆಸರು ಕೊಡುವವರು ಈ ವಾರವೇ ಕಾರ್ಯದರ್ಶಿಗೆ ತಿಳಿಸಿ.