ಎಲ್ಲ ತಪ್ಪನ್ನೂ ಚಳಿಯ ಮೇಲೆ ಹಾಕಬೇಡ

ತಮ್ಮಾ,

ಕಿರು ಹಿಮಯುಗದ ಬಗ್ಗೆ, ಅಂದರೆ ಲೋಕದ ಹಲವು ಕಡೆ ಚಳಿ ಹೆಚ್ಚಿದ್ದ ಕಾಲದ ಬಗ್ಗೆ, ನೀನು ಕಳಿಸಿದ ಲೇಖನ ಓದಿದೆ. ಎರಡನೇ ಸಲ ಓದುವಾಗ ಸ್ವಲ್ಪ ಸಿಟ್ಟೂ ಬಂತು. ಸುಮಾರು 1300ರಿಂದ 1850ರವರೆಗಿನ ಕಾಲವನ್ನು ಒಂದೇ ಉಸಿರಿಗೆ ಮುಗಿಸಿಬಿಟ್ಟಿದ್ದೀಯ. ಲಂಡನ್ನಿನ ಥೇಮ್ಸ್ ನದಿ ಹೆಪ್ಪುಗಟ್ಟಿತು, ಗ್ರೀನ್‌ಲ್ಯಾಂಡ್ ಖಾಲಿಯಾಯಿತು, ರಷ್ಯಾದಲ್ಲಿ ಕ್ಷಾಮ ಬಂತು, ಎಲ್ಲ ಚಳಿಯಿಂದ. ಚಳಿ ಒಂದರಿಂದಲೇನಾ?

ರಷ್ಯಾಕ್ಕೆ ಒಂದು ಸಾಲು ಕೊಟ್ಟಿದ್ದೀಯಲ್ಲ, ಅಲ್ಲೇ ಕೂತುಕೋ. 1600ರ ಫೆಬ್ರವರಿಯಲ್ಲಿ ಪೆರು ದೇಶದ ಹುವಾಯ್ನಪುಟಿನ ಜ್ವಾಲಾಮುಖಿ ಸಿಡಿಯಿತು, ಅದರ ಗಂಧಕ ಬಾನಿನ ಮೇಲ್ಪದರ ಸೇರಿ ಸಣ್ಣ ಹನಿಗಳಾಗಿ ಹರಡಿ ಬಿಸಿಲಿಗೆ ಅಡ್ಡ ನಿಂತಿತು. ಮರುವರ್ಷ ರಷ್ಯಾದಲ್ಲಿ ಬೇಸಿಗೆಯಲ್ಲಿ ಬಿಡದ ಮಳೆ, ಆಮೇಲೆ ಕಾಳು ಬಲಿಯುವ ಮೊದಲೇ ಹಿಮ. ಅವರ ರೊಟ್ಟಿಯ ಧಾನ್ಯ ರೈ, ಅದರ ಪೈರು ಹಸಿರಾಗಿರುವಾಗಲೇ ಸತ್ತಿತು. ಆ ಜೊಳ್ಳನ್ನೇ ಬೀಜ ಅಂತ ಬಿತ್ತಿದರು, ಮೊಳೆಯಲಿಲ್ಲ. ಮುಂದೆ ಬಿತ್ತೋಣ ಅಂದರೆ ಬೀಜವೇ ಇಲ್ಲ. ನೀನು ರೈತರ ಮನೆಯವನು, ಇದನ್ನು ಬಿಡಿಸಿ ಹೇಳಬೇಕಾ? 'ಸರಾಸರಿ ತಾಪಮಾನ ಇಳಿಯಿತು' ಅಂತ ಬರೆದು ಮುಂದೆ ಹೋಗಿದ್ದೀಯ!

ರಾಜ ಬೋರಿಸ್ ಗೊಡುನೋವ್ ಸುಮ್ನೆ ಕೂತಿರಲಿಲ್ಲ. ಮಾಸ್ಕೋದಲ್ಲಿ ಖಜಾನೆಯ ದುಡ್ಡು ಹಂಚಿಸಿದ. ಸುದ್ದಿ ಹಬ್ಬಿ ಹಳ್ಳಿಗಳಿಂದ ಜನ ಗುಂಪುಗುಂಪಾಗಿ ಬಂದರು, ಧಾನ್ಯ ಬಚ್ಚಿಟ್ಟವರು ಬೆಲೆ ಏರಿಸಿದರು, ಕೊನೆಗೆ ಆ ಕಾಸಿಗೆ ಏನೂ ಸಿಗದೆ ಜನ ಬೀದಿಯಲ್ಲೇ ಸತ್ತರು. ಮಾಸ್ಕೋದಲ್ಲಿ 1,27,000 ಹೆಣ ಹೂಳಿದರು ಅಂತ ಆ ಕಾಲದ ಸನ್ಯಾಸಿ ಅವ್ರಾಮಿ ಪಾಲಿತ್ಸಿನ್ ಬರೆದಿದ್ದಾನೆ. ಈ ಲೆಕ್ಕ ಬಳಸುವುದಾದರೆ ಅವನ ಹೆಸರು ಹೇಳಿಯೇ ಬಳಸು, ನಿನ್ನದೇ ಮಾತು ಅನ್ನೋ ಹಾಗೆ ಬರೆಯಬೇಡ.

ಊಟ ಹಾಕಲಾರದ ಒಡೆಯರು ಆಳುಗಳನ್ನು ಮನೆಯಿಂದ ಅಟ್ಟಿದರು, ಅವರಲ್ಲಿ ಎಷ್ಟೋ ಜನ ದರೋಡೆಗೆ ಇಳಿದರು, 1603ರಲ್ಲಿ ಖ್ಲೋಪ್ಕೋ ಎಂಬವನ ಗುಂಪು ರಾಜನ ಸೈನ್ಯದ ಜೊತೆಗೇ ಕಾದಾಡಿತು. ರಾಜನ ಪಾಪಕ್ಕೆ ದೇವರು ಕೊಟ್ಟ ಶಿಕ್ಷೆ ಇದು ಅಂತ ಜನ ಮಾತಾಡಿಕೊಂಡರು. 1591ರಲ್ಲೇ ಸತ್ತಿದ್ದ, ಹಿಂದಿನ ರಾಜವಂಶದ ರಾಜಕುಮಾರ ದ್ಮಿತ್ರಿ ನಾನೇ ಅಂತ ಒಬ್ಬ 1604ರಲ್ಲಿ ಪೋಲೆಂಡ್ ಕಡೆಯಿಂದ ದಂಡು ಕಟ್ಟಿಕೊಂಡು ಬಂದಾಗ ನಂಬುವವರು ಜಾಸ್ತಿ ಇದ್ದರು, ಹೊಟ್ಟೆ ಹಸಿದಿತ್ತಲ್ಲ. ಮರುವರ್ಷ ಬೋರಿಸ್ ಸತ್ತ, ಇವನು ಸಿಂಹಾಸನ ಏರಿದ.

ಇದರ ಪಕ್ಕದಲ್ಲಿ ಡಚ್ಚರನ್ನು ಇಟ್ಟು ನೋಡು. ಅದೇ ಶತಮಾನ, ಅವರ ಕಾಲುವೆಗಳೂ ಹೆಪ್ಪುಗಟ್ಟುತ್ತಿದ್ದವು. ಆದರೆ ಬಾಲ್ಟಿಕ್ ತೀರದ ಧಾನ್ಯವನ್ನು ಹಡಗಿನಲ್ಲಿ ತಂದು ಆಮ್‌ಸ್ಟರ್‌ಡ್ಯಾಮಿನ ಗೋದಾಮುಗಳಲ್ಲಿ ತುಂಬಿಟ್ಟುಕೊಂಡಿದ್ದರು. ಬೇರೆ ಕಡೆ ಬೆಳೆ ಕೆಟ್ಟಾಗ ಅದನ್ನೇ ಮಾರಿ ಕಾಸು ಮಾಡಿದರು. ನಿನ್ನ ಲೇಖನದಲ್ಲಿ ಗೋದಾಮು ಅನ್ನೋ ಪದವೇ ಇಲ್ಲ ಮಾರಾಯ.

ಹೆಪ್ಪುಗಟ್ಟಿದ ಥೇಮ್ಸ್ ಮೇಲೆ ನಡೆದ ಜಾತ್ರೆಯ ಕಥೆ ತೆಗೆದುಹಾಕು, ಎಲ್ಲರೂ ಬರೆದಾಗಿದೆ. ಗ್ರೀನ್‌ಲ್ಯಾಂಡನ್ನು ಮಾತ್ರ ಎತ್ತಿಟ್ಟುಕೋ, ಅದಕ್ಕೆ ಬೇರೆಯೇ ಲೇಖನ ಬೇಕು. ಸ್ಕ್ಯಾಂಡಿನೇವಿಯಾ ಮೂಲದವರಾಗಿ ಅಲ್ಲಿ ನೆಲೆಸಿದ್ದ ನಾರ್ಸ್ ಜನರ ಬಗ್ಗೆ ಸಿಗುವ ಕೊನೆಯ ಲಿಖಿತ ದಾಖಲೆ ಯಾವುದು ಗೊತ್ತಾ? 1408ರಲ್ಲಿ ಹ್ವಾಲ್ಸೆ ಚರ್ಚಿನಲ್ಲಿ ನಡೆದ ಒಂದು ಮದುವೆ.