ಗ್ರೆಗ್ ಅಲೆಕ್ಸಾಂಡರ್ ಎಲ್ಲಿಗೂ ಹೋಗಿರಲಿಲ್ಲ

ಮಾನ್ಯ ಸಂಪಾದಕರೇ,

ಒಂದೇ ಹಾಡಿನಿಂದ ಹೆಸರಾಗಿ ಆಮೇಲೆ ಸುದ್ದಿಯೇ ಇಲ್ಲದಂತಾದ ಪಾಪ್ ತಂಡಗಳ ಬಗ್ಗೆ ನಿಮ್ಮ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಅದರಲ್ಲಿ ಅಮೆರಿಕದ ನ್ಯೂ ರ‍್ಯಾಡಿಕಲ್ಸ್ ತಂಡಕ್ಕೆ ಸಿಕ್ಕಿದ್ದು ಮೂರೇ ಸಾಲು. 1998ರಲ್ಲಿ ‘ಯು ಗೆಟ್ ವಾಟ್ ಯು ಗಿವ್’ ಬಂತು, ಮರುವರ್ಷ ತಂಡ ಮುಚ್ಚಿತು, ಗಾಯಕ ಗ್ರೆಗ್ ಅಲೆಕ್ಸಾಂಡರ್ ಕಣ್ಮರೆಯಾದರು. ಮೊದಲ ಎರಡು ಸಾಲು ಸರಿ. ಮೂರನೆಯದನ್ನು ಮಾತ್ರ ಒಪ್ಪಲು ಆಗುವುದಿಲ್ಲ.

ಆ ಹಾಡು ಅವರಿಗೆ ಸುಮ್ನೆ ಒಲಿದು ಬಂದದ್ದಲ್ಲ. ಮಿಷಿಗನ್ ರಾಜ್ಯದ ಈ ಹುಡುಗ ಹದಿಹರೆಯದಲ್ಲೇ ರೆಕಾರ್ಡ್ ಕಂಪನಿಯ ಒಪ್ಪಂದಕ್ಕೆ ಸಹಿ ಹಾಕಿದ್ದರು. 1989ರಲ್ಲಿ ಒಂದು, 1992ರಲ್ಲಿ ಇನ್ನೊಂದು ಆಲ್ಬಂ ಸ್ವಂತ ಹೆಸರಲ್ಲಿ ತಂದರು. ಎರಡನ್ನೂ ಯಾರೂ ಕೇಳಲಿಲ್ಲ. ನ್ಯೂ ರ‍್ಯಾಡಿಕಲ್ಸ್ ಅಂದರೂ ಹೆಚ್ಚು ಕಡಿಮೆ ಅವರೊಬ್ಬರೇ. ಜೊತೆಗೆ ಗಾಯಕಿ ಡೇನಿಯಲ್ ಬ್ರಿಸ್‌ಬಾಯ್, ಉಳಿದವರು ಬಂದು ಹೋಗುವ ವಾದ್ಯಗಾರರು.

ಹಾಡಿನ ಕೊನೆಯ ಭಾಗವನ್ನು ನಿಮ್ಮ ಲೇಖಕರು ಇನ್ನೊಮ್ಮೆ ಕೇಳಬೇಕು. ಅಲ್ಲಿ ಅವರು ಉಸಿರು ತೆಗೆದುಕೊಳ್ಳದೆ ಬೈಯುತ್ತಾ ಹೋಗುತ್ತಾರೆ. ಆರೋಗ್ಯ ವಿಮೆಯ ಮೋಸ, ಔಷಧಗಳ ಮೇಲೆ ನಿಗಾ ಇಡಬೇಕಾದ ಎಫ್‌ಡಿಎ, ದೊಡ್ಡ ಬ್ಯಾಂಕುಗಳವರು, ಎಲ್ಲರಿಗೂ ಒಂದೊಂದು ಏಟು. ಅದಾದ ಮೇಲೆ ಆಗಿನ ಸಂಗೀತ ತಾರೆಯರಾದ ಬೆಕ್, ಹ್ಯಾನ್ಸನ್, ಕೋರ್ಟ್ನಿ ಲವ್, ಮ್ಯಾರಿಲಿನ್ ಮ್ಯಾನ್ಸನ್ ಹೆಸರು ಬರುತ್ತದೆ. ಪತ್ರಿಕೆಗಳು ಯಾವುದರ ಹಿಂದೆ ಓಡುತ್ತವೆ ನೋಡೋಣ ಅಂತಲೇ ಹಾಗೆ ಬರೆದೆ ಎಂದು ಅಲೆಕ್ಸಾಂಡರ್ ಆಮೇಲೆ ಹೇಳಿದರು. ಎಲ್ಲರೂ ಓಡಿದ್ದು ಆ ನಾಲ್ಕು ಹೆಸರುಗಳ ಹಿಂದೆ. ವಿಮೆ, ಬ್ಯಾಂಕುಗಳ ಮಾತನ್ನು ಕೇಳಿಸಿಕೊಂಡವರು ಕಡಿಮೆ. ಪತ್ರಿಕೆಗೆ ಬರೆಯುವ ಈ ಪತ್ರದಲ್ಲಿ ಇದನ್ನು ಹೇಳಲೇಬೇಕು ಅನ್ನಿಸಿತು.

ಈ ಹಾಡು ಬ್ರಿಟನ್ನಿನ ಜನಪ್ರಿಯ ಹಾಡುಗಳ ಪಟ್ಟಿಯಲ್ಲಿ 5ನೇ ಸ್ಥಾನಕ್ಕೆ ಏರಿತು. ಅಮೆರಿಕದ ಹಾಟ್ 100 ಪಟ್ಟಿಯಲ್ಲಿ 36ಕ್ಕೇ ನಿಂತಿತು. ಆದರೂ ಯು2 ತಂಡದ ಗಿಟಾರ್ ವಾದಕ ದಿ ಎಡ್ಜ್ ಇದನ್ನು ತಾನೇ ಬರೆಯಬೇಕಿತ್ತು ಅಂದುಕೊಂಡವರು. ಹಾಡು ಕಟ್ಟುವವರಿಗೆ ಅದರ ಬೆಲೆ ಗೊತ್ತಿತ್ತು.

1999ರ ಜುಲೈನಲ್ಲಿ, ಎರಡನೇ ಸಿಂಗಲ್ (ಆಲ್ಬಂನಿಂದ ಬಿಡಿಯಾಗಿ ಹೊರತರುವ ಹಾಡು) ಇನ್ನೇನು ಬಿಡುಗಡೆ ಆಗಬೇಕು, ಅಷ್ಟರಲ್ಲಿ ಅವರು ತಂಡ ಮುಚ್ಚಿದರು. ಊರೂರು ತಿರುಗಾಟ, ನಿದ್ದೆಗೆಟ್ಟ ಸಂದರ್ಶನಗಳು ಸಾಕಾಗಿವೆ, ಇನ್ನು ಬೇರೆಯವರಿಗೆ ಹಾಡು ಬರೆದುಕೊಡುತ್ತೇನೆ ಅಂತ ಬಾಯಿಬಿಟ್ಟೇ ಹೇಳಿದರು. ಇದನ್ನು ಸೋಲು ಅಂತ ಬರೆಯುವುದು ಅನ್ಯಾಯ ಅಲ್ವಾ? ಹೇಳಿದ್ದನ್ನೇ ಮಾಡಿದರು ಕೂಡ. 2000ದಲ್ಲಿ ರೋನನ್ ಕೀಟಿಂಗ್ ಹಾಡಿ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೆ ಹೋದ ‘ಲೈಫ್ ಈಸ್ ಎ ರೋಲರ್‌ಕೋಸ್ಟರ್’ ಅವರು ರಿಕ್ ನೋವೆಲ್ಸ್ ಜೊತೆ ಬರೆದದ್ದು. 2002ರಲ್ಲಿ ಸಂತಾನಾ ಮತ್ತು ಮಿಷೆಲ್ ಬ್ರಾಂಚ್ ಕೊಟ್ಟ ‘ದ ಗೇಮ್ ಆಫ್ ಲವ್’ ಇದೇ ಜೋಡಿಯದು. ಅದಕ್ಕೆ ಗ್ರ್ಯಾಮಿ ಬಂತು. ‘ಬಿಗಿನ್ ಅಗೇನ್’ ಸಿನಿಮಾದ ‘ಲಾಸ್ಟ್ ಸ್ಟಾರ್ಸ್’ ಹಾಡಿಗೆ 2015ರಲ್ಲಿ ಅವರು ಮತ್ತು ಬ್ರಿಸ್‌ಬಾಯ್ ಆಸ್ಕರ್ ನಾಮನಿರ್ದೇಶನ ಪಡೆದರು.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ‘ಮರ್ಡರ್ ಆನ್ ದ ಡಾನ್ಸ್‌ಫ್ಲೋರ್’ ಕಥೆ. ತೊಂಬತ್ತರ ದಶಕದಲ್ಲಿ ಒಂದು ದಿನ ಅವರು ಡೆಟ್ರಾಯಿಟ್‌ನ ಕ್ಲಬ್ಬಿಗೆ ಹೊರಟಿದ್ದರಂತೆ. ಹಳೇ ಮಸ್ಟ್ಯಾಂಗ್ ಕಾರು ಸ್ಟಾರ್ಟ್ ಆಗಲಿಲ್ಲ. ಸರಿ, ಗಿಟಾರ್ ಹಿಡಿದು ಕೂತರು, ಪಲ್ಲವಿ ಹುಟ್ಟಿತು. ವರ್ಷಗಟ್ಟಲೆ ಇಟ್ಟುಕೊಂಡಿದ್ದ ಆ ಹಾಡು ಕೊನೆಗೆ ಬ್ರಿಟನ್ನಿನ ಗಾಯಕಿ ಸೋಫಿ ಎಲಿಸ್-ಬೆಕ್ಸ್‌ಟರ್ ಕೈಸೇರಿ, 2001ರಲ್ಲಿ ಬ್ರಿಟನ್ನಿನ 2ನೇ ಸ್ಥಾನ ತಲುಪಿತು. 2023ರಲ್ಲಿ ‘ಸಾಲ್ಟ್‌ಬರ್ನ್’ ಸಿನಿಮಾದ ಕೊನೆಯ ದೃಶ್ಯದಲ್ಲಿ ಬಳಸಿದ ಮೇಲೆ 2024ರ ಜನವರಿಯಲ್ಲಿ ಮತ್ತೆ ಅದೇ 2ನೇ ಸ್ಥಾನ. ಅಮೆರಿಕದ ಹಾಟ್ 100ರೊಳಗೆ ಅದು ಕಾಲಿಟ್ಟದ್ದು ಆಗಲೇ, ಮೊದಲ ಸಲ. ಅದಕ್ಕೆ ಕುಣಿದ ಮಕ್ಕಳಲ್ಲಿ ಎಷ್ಟು ಜನಕ್ಕೆ ಬರೆದವರ ಹೆಸರು ಗೊತ್ತು?

ಇನ್ನು ಆ ‘ಒಂದೇ ಹಾಡು’ ಏನಾಯಿತು ಅಂತಲೂ ಲೇಖನ ಹೇಳಲಿಲ್ಲ. ಜೋ ಬೈಡನ್ ಅವರ ಮಗ ಬೋ ಮಿದುಳಿನ ಕ್ಯಾನ್ಸರ್ ಜೊತೆ ಹೋರಾಡುತ್ತಿದ್ದಾಗ ಮನೆಯವರೆಲ್ಲ ಧೈರ್ಯಕ್ಕಾಗಿ ಇಟ್ಟುಕೊಂಡಿದ್ದ ಹಾಡು ಅದು. ಬೋ 2015ರಲ್ಲಿ ತೀರಿಕೊಂಡರು. 2021ರ ಜನವರಿ 20ರಂದು ಬೈಡನ್ ಅಧಿಕಾರ ವಹಿಸಿಕೊಂಡ ದಿನ, ಆ ಮನೆಯವರಿಗಾಗಿ ನ್ಯೂ ರ‍್ಯಾಡಿಕಲ್ಸ್ 22 ವರ್ಷಗಳ ನಂತರ ಒಟ್ಟಾಗಿ ಹಾಡಿತು. ಅಲೆಕ್ಸಾಂಡರ್ ತಲೆ ಮೇಲೆ ಅದೇ ಹಳೇ ಥರದ ಬಟ್ಟೆ ಟೋಪಿ. ಲೇಖನ ಹೇಳುವ ಹಾಗೆ ಮರೆತುಹೋದವರಾಗಿದ್ದರೆ ಅವರನ್ನು ಹುಡುಕಿ ಕರೆಸುತ್ತಿದ್ದರಾ?

ವೇದಿಕೆ ಮೇಲೆ ಮುಖ ಕಾಣಿಸಿದರೆ ಮಾತ್ರ ಅದು ವೃತ್ತಿ, ಇಲ್ಲದಿದ್ದರೆ ಅಲ್ಲ ಅನ್ನುವ ಲೆಕ್ಕ ನನಗೆ ಒಗ್ಗುವುದಿಲ್ಲ. ಒಂದು ಕೋರಿಕೆ ಇದೆ. ನಿಮ್ಮ ಪುರವಣಿಯಲ್ಲಿ ‘ಕೇಳಲೇಬೇಕಾದ ಹಾಡುಗಳು’ ಎಂದು ಹಾಕುವಾಗ ಹಾಡಿದವರ ಹೆಸರಿನ ಪಕ್ಕ ಬರೆದವರ ಹೆಸರನ್ನೂ ಹಾಕಿ. ಒಂದು ಸಾಲಿನ ಜಾಗ ಸಾಕು. ಹಾಗೇ ನ್ಯೂ ರ‍್ಯಾಡಿಕಲ್ಸ್‌ನ ಆ ಒಂದೇ ಆಲ್ಬಂನಲ್ಲಿ 12 ಹಾಡುಗಳಿವೆ. ಓದುಗರು ಆರನೆಯದಾದ ‘ಸಮ್‌ಡೇ ವಿ’ಲ್ ನೋ’ದಿಂದ ಶುರುಮಾಡಲಿ. ಬಿಡುಗಡೆಗೆ ಮೊದಲೇ ತಂಡ ಮುಚ್ಚಿದ ಆ ಎರಡನೇ ಸಿಂಗಲ್ ಅದೇ.

ಇತಿ,
ನಿಮ್ಮ ಓದುಗ